ಗದ್ದಕ್ಕೆ ಹಚ್ಚಿದ ಕೈ

ರುಕ್ಮವ್ವನ ಮನೆಯಲ್ಲಿ ಯಾರೂ ಗದ್ದಕ್ಕೆ ಕೈ ಹಚ್ಚಿಕೊಂಡು ಕೂಡುವಂತಿರಲಿಲ್ಲ. ಕೂತರೆ ಅವರ ಕತೆ ಮುಗಿಯಿತೆಂದೇ ತಿಳಿಯಬೇಕು. ಬೀಗರಿರಲಿ, ಕಂಬಳಿ ಕೊಳ್ಳಲು ಬಂದ ಸಾಹುಕಾರನೇ ಇರಲಿ, ಆಕೆ ನೂಲುವ ರಾಟಿ ಬಿಟ್ಟು ದಡದಡ ಎದ್ದು ಬಂದು ಆ ಕೈಯನ್ನು ಪಟ್ಟನೆ ಹೊಡೆದು ಕೆಳಗಿಳಿಸುತ್ತಿದ್ದಳು. "ಯಾರ ಸತ್ತಾರಂತ ಹಿಂಗ ಕುಂತೀರಿ? ಚಿಂತಿ ಮಾಡೂದಿದ್ರ ನಿಮ್ಮ ಮನ್ಯಾಗ ಮಾಡ್ರಿ, ನನ್ನ ಮನಿಗಿ ದರಿದ್ರ ತರಬ್ಯಾಡ್ರಿ!" ಅನ್ನುವಳು. ತಾಂಬಾದ ಕುರುಬರ ಓಣಿಯಲ್ಲಿ ಇದೊಂದು ನಗೆಯ ಮಾತಾಗಿತ್ತು. ಹಲ್ಲುನೋವಿನವನೂ ಆಕೆಯ ಕಟ್ಟೆಗೆ ಬಂದರೆ ಕೈ ತೊಡೆಯ ಮೇಲಿಟ್ಟುಕೊಂಡೇ ನರಳಬೇಕಿತ್ತು.

ಹಾಗಂತ ಆಕೆ ಕೆಟ್ಟವಳಲ್ಲ. ಕುರಿಗಳಿಗೆ ಬೇನೆ ಬಿದ್ದ ವರ್ಷ ಗಂಡ ಖಂಡೆಪ್ಪ ಹೀಗೇ ಗದ್ದಕ್ಕೆ ಕೈ ಹಚ್ಚಿ ಕೂತವನು ಹಾಸಿಗೆ ಹಿಡಿದ. ಮತ್ತೆ ಏಳಲೇ ಇಲ್ಲ. ಅಂದಿನಿಂದ ಆ ಕೈ ಕಂಡರೆ ಆಕೆಯ ಎದೆ ಧಸಕ್ಕೆನ್ನುತ್ತಿತ್ತು. ಅಂಜಿಕೆಯಾದರೆ ಅಳುವವರುಂಟು, ದೇವರ ಮುಂದೆ ಕೂಡುವವರುಂಟು. ರುಕ್ಮವ್ವನಿಗೆ ಅಂಜಿಕೆಯಾದರೆ ಸಿಟ್ಟು ಬರುತ್ತಿತ್ತು.

ಒಬ್ಬನೇ ಮಗ ಸಿದ್ದರಾಯ. ದೀಪಾವಳಿ ಮುಗಿದದ್ದೇ ತಡ, ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ಕಡೆ ಹೊಳೆದಂಡೆಗೆ ಹೋದನೆಂದರೆ ಮಳೆ ಬೀಳುವವರೆಗೆ ಮನೆಯ ಮುಖ ಕಾಣುವವನಲ್ಲ. ಆ ಮಗನಿಗೆ ಎಪ್ಪತ್ತೆರಡನೇ ಇಸವಿಯಲ್ಲಿ ತನ್ನ ತವರೂರು ಗೊಳಸಂಗಿಯಿಂದ ಹೆಣ್ಣು ತಂದಳು, ಸ್ವಂತ ತಮ್ಮನ ಮಗಳನ್ನೇ. ಹೆಸರು ಚಂದವ್ವ. ಹುಟ್ಟಿದಾಗ ಹೊಕ್ಕುಳ ಬಳ್ಳಿ ಕೊಯ್ದವಳೇ ರುಕ್ಮವ್ವ. ಚಿಕ್ಕಂದಿನಿಂದ "ಅತ್ತಿ, ನೀ" ಎಂದು ಕರೆದ ಹುಡುಗಿ ಮದುವೆಯಾದ ಮೇಲೂ ಹಾಗೇ ಕರೆದಳು. ಓಣಿಯ ಹೆಂಗಸರು ಮೂಗು ಮುರಿದರು. ರುಕ್ಮವ್ವ ಅವರಿಗೆ ಸೊಪ್ಪು ಹಾಕಲಿಲ್ಲ.

ಚಂದವ್ವನಿಗೆ ಬಾಯಿತ್ತು ನೋಡಿ, ಅಂಥ ಬಾಯಿ ತಾಂಬಾದಲ್ಲಿ ಇನ್ನೊಂದಿರಲಿಲ್ಲ. ಬಂದ ವಾರದೊಳಗೆ ಸಾರಿನ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಅಗಲಿಸಿ, "ಅತ್ತಿ, ಉಪ್ಪಿನ ಬಂಡಿ ಹೊಳ್ಳಿ ಸಾರಿನಾಗ ಬಿತ್ತೇನ? ಎತ್ತಗಳರ ಉಳದಾವೋ ಇಲ್ಲೋ?" ಅಂದಳು. ಹೊರಗೆ ಕಟ್ಟೆಯ ಮೇಲೆ ಕೂತವರೂ ನಕ್ಕರು. ರುಕ್ಮವ್ವನ ಕೈ ಉಪ್ಪಿಗೆ ಭಾರ ಎಂಬುದು ಇಡೀ ಓಣಿಗೆ ಗೊತ್ತಿತ್ತು, ಆದರೆ ಖಂಡೆಪ್ಪ ಸತ್ತ ಮೇಲೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಿದ್ದು ಬಿದ್ದು ನಕ್ಕವಳು ರುಕ್ಮವ್ವನೇ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮನೆಗೆ ಜೀವ ಬಂತು ಎಂದುಕೊಂಡಳು. ಆಮೇಲೆ ದಿನಾ ಅದೇ ಆಟ. ಉಪ್ಪಿಗೊಂದು ಮಾತು, ನೂಲಿನ ಗಂಟಿಗೊಂದು ಮಾತು, ಅತ್ತೆಯ ಗೊರಕೆಗೊಂದು ಮಾತು. ತಾಲೂಕಿನ ಊರು ಇಂಡಿಯ ಸಂತೆಗೆ ಕಂಬಳಿ ಹೊತ್ತುಕೊಂಡು ಹೋದರೆ ರುಕ್ಮವ್ವ ಸುಮ್ಮನೆ ಹಿಂದೆ ನಿಲ್ಲುವಳು. "ಸಾಹುಕಾರ್ರ, ಹಂಗ ಹಿಂಡಿ ನೋಡಬ್ಯಾಡ್ರಿ, ಇದು ಕಂಬಳಿ, ಎಮ್ಮಿ ಕೆಚ್ಚಲಲ್ಲ" ಎಂದು ಚಂದವ್ವ ಶುರುಮಾಡಿದಳೆಂದರೆ ಸಾಹುಕಾರ ಕೇಳಿದ ದರ ಕೊಟ್ಟು ನಗುತ್ತ ಹೋಗುತ್ತಿದ್ದ.

ಎಪ್ಪತ್ನಾಲ್ಕರಲ್ಲಿ ಚಂದವ್ವ ಬಸಿರಾದಳು. ಆಗಲೇ ಸಂಜೆಯ ಹೊತ್ತಿಗೆ ಆಕೆಯ ಕಣ್ಣೆವೆ ಇಳಿಯತೊಡಗಿದ್ದವು. ದೀಪ ಹಚ್ಚುವ ಹೊತ್ತಿಗೆ ಒಂದು ಕಣ್ಣು ಅರ್ಧ ಮುಚ್ಚಿರುತ್ತಿತ್ತು. "ನಿದ್ದಿಗಣ್ಣಿ" ಎಂದು ರುಕ್ಮವ್ವ ನಗೆಯಾಡಿದಳು. ಬಸುರಿಗೆ ನಿದ್ದೆ ಹೆಚ್ಚು, ಅದರಲ್ಲೇನು? ಬೆಳಿಗ್ಗೆ ಎದ್ದಳೆಂದರೆ ಕಣ್ಣು ಫಳಫಳ ಹೊಳೆಯುತ್ತಿದ್ದವು, ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು.

ಚಳಿಗಾಲದಲ್ಲಿ ಹೆಣ್ಣುಕೂಸು ಹುಟ್ಟಿತು. ಸಿದ್ದರಾಯ ಹೊಳೆದಂಡೆಯಲ್ಲಿದ್ದ. ಕೂಸು ಮೈತುಂಬಿಕೊಂಡು ಚೆನ್ನಾಗೇ ಇತ್ತು, ಆದರೆ ಅಳು ಮಾತ್ರ ಬೆಕ್ಕಿನ ಮರಿಯದು. ಮೊಲೆ ಬಾಯಿಗಿಟ್ಟರೆ ಒಂದೆರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿದ್ದವು. ಸೂಲಗಿತ್ತಿ ಜೇನುತುಪ್ಪ ನೆಕ್ಕಿಸಿದಳು, ದೃಷ್ಟಿ ತೆಗೆದಳು. ಚಂದವ್ವನ ಮುಖವೂ ವಿಚಿತ್ರವಾಗಿತ್ತು. ಹೆರಿಗೆಯಾದ ಮೇಲೆ ಆ ಮುಖದಲ್ಲಿ ನಗೆ ಮೂಡಲೇ ಇಲ್ಲ. ಕೂಸನ್ನು ನೋಡಿ ನಗಲು ಹೋದರೆ ತುಟಿ ಮೇಲಕ್ಕೇಳದೆ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು. ರುಕ್ಮವ್ವನಿಗೆ ಅಂಜಿಕೆಯಾಯಿತು. ಅಂಜಿಕೆಯಾದ್ದರಿಂದ ಸಿಟ್ಟು ಬಂತು.

"ಮಾರಿ ಗಂಟ ಹಾಕ್ಕೊಂಡು ಮೊಲಿ ಕೊಟ್ರ ಕೂಸು ಕುಡದೀತೇನ? ತಾಯಿಗೇ ಬ್ಯಾಡಾದ ಕೂಸು ಯಾರ ಸಲುವಾಗಿ ಉಳೀಬೇಕು?" ಅಂದುಬಿಟ್ಟಳು.

ಚಂದವ್ವ ಕೂಸನ್ನು ಇನ್ನೊಂದು ಮೊಲೆಗೆ ಹಚ್ಚಿದಳು. ಆ ವಾರ ಮುಗಿಯುವುದರೊಳಗೆ ಕೂಸು ತೀರಿಕೊಂಡಿತು. ಸಿದ್ದರಾಯನಿಗೆ ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ತೊಟ್ಟಿಲು ಅಟ್ಟ ಸೇರಿತ್ತು.

ಚಂದವ್ವ ಗದ್ದಕ್ಕೆ ಕೈ ಹಚ್ಚತೊಡಗಿದ್ದು ಆಮೇಲೆ. ಸಂಜೆ ಉಣ್ಣಲು ಕೂತರೆ ಬಲಗೈಯಲ್ಲಿ ತುತ್ತು, ಎಡಗೈ ಗದ್ದಕ್ಕೆ. ಊಟ ಮುಗಿದ ಮೇಲೂ ಹಾಗೇ ಕೂತಿರುವಳು. ಮೊದಲ ಸಲ ಕಂಡಾಗ ರುಕ್ಮವ್ವನ ಕಣ್ಣ ಮುಂದೆ ಖಂಡೆಪ್ಪನೇ ಬಂದು ಕೂತಂತಾಯಿತು. ಪಟ್ಟನೆ ಹೊಡೆದು ಕೈ ಇಳಿಸಿದಳು. "ಚಿಂತಿ ಮಾಡಿದ್ರ ಹೋದ ಕೂಸು ಹೊಳ್ಳಿ ಬರತೈತೇನ? ಮಗನ ಮನಿ ಹಾಳ ಮಾಡ್ತೀಯೇನ?" ಚಂದವ್ವ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಮುನಿಸಿಕೊಂಡಳು ಎಂದು ಅತ್ತೆ ತಿಳಿದಳು. ಹೀಗೆ ದಿನಾ ಕೈ ಏರುವುದು, ದಿನಾ ಇವಳು ಹೊಡೆಯುವುದು, ದಿನಾ ಅವಳು ಸೆರಗು ಹಿಡಿದು ಆಚೆ ತಿರುಗುವುದು.

ಹೇಳಲಿಲ್ಲವೆಂದಲ್ಲ, ಒಂದು ಸಂಜೆ ಚಂದವ್ವ ಬಾಯಿಬಿಟ್ಟು ಹೇಳಿದಳು. ದನಿ ಮೂಗಿನೊಳಗಿಂದ ಬರುತ್ತಿತ್ತು. "ಅತ್ತಿ, ಇದು ಚಿಂತಿ ಅಲ್ಲ. ನನ್ನ ದವಡಿ ಸೋಲತೈತಿ. ರೊಟ್ಟಿ ಅಗಿಯಾಕ ಆಗವಲ್ದು."

ರುಕ್ಮವ್ವನಿಗೆ ಏನು ತೋಚಿತೋ ಏನೋ, "ದವಡಿ ಸೋಲಾಕ ಅದೇನ ಹೊಲ ಉಳೂ ಎತ್ತೇನ? ಮಾತಾಡಿ ಮಾತಾಡಿ ಸೋತಿರಬೇಕು!" ಅಂದಳು. ಪಕ್ಕದ ಮನೆಯ ಬಳೆಗಾರ್ತಿ ಜೈತುನಬಿ ಅಲ್ಲೇ ಇದ್ದಳು, ಕಿಸಕ್ಕನೆ ನಕ್ಕಳು. ಸೊಸೆಯನ್ನು ನಗಿಸಬೇಕೆಂದೇ ರುಕ್ಮವ್ವ ಅಂದದ್ದು. ಹಿಂದಿನ ಚಂದವ್ವನಾಗಿದ್ದರೆ ತಿರುಗಿ ಒಂದಕ್ಕೆ ಹತ್ತು ಕೊಡುತ್ತಿದ್ದಳು. ಇವಳು ತಟ್ಟೆ ಸರಿಸಿ ಎದ್ದು ಹೋದಳು. ಆ ಮಾತು ಮಾತ್ರ ಓಣಿಯೆಲ್ಲ ಸುತ್ತಾಡಿತು. ಕೆಲಸ ಮಾಡಿ ದಣಿದವರು "ನನ್ನವೂ ಎತ್ತ ಸೋತಾವ್ರಿ" ಎಂದು ದವಡೆ ಮುಟ್ಟಿ ತೋರಿಸಿ ನಗುವಂತಾಯಿತು.

ಆದರೂ ರುಕ್ಮವ್ವ ಕೈಕಟ್ಟಿ ಕೂಡಲಿಲ್ಲ. ದವಾಖಾನೆಗೆ ತೋರಿಸಲು ನಿಶ್ಚಯಿಸಿದಳು. ತಾಲೂಕಿನ ಊರಿಗೆ ಸೊಸೆಯನ್ನು ಕರೆದುಕೊಂಡು ಹೋಗುವುದೆಂದರೆ ಆಕೆಗೆ ಮದುವೆಗೆ ಕರೆದುಕೊಂಡು ಹೋದ ಹಾಗೆಯೇ. ದನದ ಹಾಗೆ ದುಡಿಸಿ ಕರೆತಂದಿದ್ದಾರೆ ಎಂದು ಯಾರೂ ಅನ್ನಬಾರದು. ಹಿಂದಿನ ದಿನ ಒಂದು ಕಡ್ಡಿಯನ್ನೂ ಎತ್ತಿಡಗೊಡಲಿಲ್ಲ. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಹಾಲು ಕುಡಿಸಿ ಮಧ್ಯಾಹ್ನದಿಂದಲೇ ಮಲಗಿಸಿದಳು. ಬೆಳಿಗ್ಗೆ ಇಳಕಲ್ ಸೀರೆ ಉಡಿಸಿ, ಹಣೆತುಂಬ ಕುಂಕುಮ ಇಟ್ಟು, ಮೊದಲ ಬಸ್ಸಿಗೆ ಹತ್ತಿಸಿದಳು. ಇಂಡಿಯ ಡಾಕ್ಟರ ಮುಂದೆ ಕೂತಾಗ ಚಂದವ್ವನ ಕಣ್ಣು ತೊಳೆದ ಬಟ್ಟಲಿನಂತೆ ತೆರೆದಿದ್ದವು. ಕೈ ಹಿಡಿದು ನೋಡಿದರೆ ಬಲವಿದೆ, ನಾಲಿಗೆ ನೋಡಿದರೆ ಕೆಂಪಗಿದೆ.

"ಏನ್ ತ್ರಾಸ ಐತಿ ತಂಗಿ?" ಡಾಕ್ಟರು ಕೇಳಿದರು.

ಹಿರಿಯರೆದುರು ಸೊಸೆ ಮಾತಾಡುವುದುಂಟೇ? ರುಕ್ಮವ್ವನೇ ಹೇಳಿದಳು. "ಕೂಸು ಹೋದಾಗಿಂದ ಹಿಂಗ ಆಗ್ಯಾಳ್ರಿ ಸಾಹೇಬ್ರ. ಗದ್ದಕ್ಕ ಕೈ ಹಚ್ಚಿ ಕೂಡ್ತಾಳ್ರಿ, ನಗೂದಿಲ್ಲ, ಉಣ್ಣೂದಿಲ್ಲ."

ಡಾಕ್ಟರು ತಲೆಯಾಡಿಸಿದರು. ಅವರಿಗೆ ಅಷ್ಟು ಸಾಕಾಯಿತು. "ಮನಸಿಗಿ ಹಚಗೊಂಡಾಳ. ರೋಗಿಲ್ಲ ಏನಿಲ್ಲ, ನರದ ಅಂಜಿಕಿ ಇದು. ಇನ್ನೊಂದ ಕೂಸಾದ್ರ ಎಲ್ಲಾ ಸರಿ ಹೋಗತೈತಿ" ಎಂದು ತಾಕತ್ತಿನ ಇಂಜೆಕ್ಷನ್ ಚುಚ್ಚಿ, ಮನಸ್ಸು ತಣ್ಣಗಾಗಲೆಂದು ನಿದ್ದೆಯ ಗುಳಿಗೆ ಬರೆದುಕೊಟ್ಟರು. ಚಂದವ್ವ ಏನೋ ಹೇಳಲು ಬಾಯಿ ತೆರೆದಳು. ರುಕ್ಮವ್ವ ಆಗಲೇ ಎದ್ದು ಕೈ ಮುಗಿಯುತ್ತಿದ್ದಳು.

ಆ ಗುಳಿಗೆಯಿಂದ ಚಂದವ್ವ ಇನ್ನಷ್ಟು ಸೋತಳು. ಮಧ್ಯಾಹ್ನಕ್ಕೇ ಕಣ್ಣೆವೆ ಬೀಳತೊಡಗಿದವು, ರಾಟಿಯ ಮುಂದೆ ಕೂತರೆ ಕುತ್ತಿಗೆ ಎದೆಗೆ ಬಾಗುತ್ತಿತ್ತು. ಸಿಂದಗಿಯಲ್ಲಿ ಒಬ್ಬರ ಕೈಗುಣ ಒಳ್ಳೆಯದೆಂದು ಕೇಳಿ ಅಲ್ಲಿಗೂ ಹೋದರು. ಹೋಗುವಾಗ ಮತ್ತೆ ಅದೇ ಎಣ್ಣೆ, ಅದೇ ಹಾಲು, ಅದೇ ನಿದ್ದೆ, ಅದೇ ಮುಂಜಾನೆಯ ಬಸ್ಸು. ಸಿಂದಗಿಯ ಡಾಕ್ಟರೂ ನಕ್ಕರು. "ಇಷ್ಟ ಗಟ್ಟಿಮುಟ್ಟ ಅದಾಳ. ನಾಕ ತಿಂಗಳ ತವರಿಗಿ ಕಳಸ್ರಿ, ಅಂಜಿಕಿ ಬಿಡತೈತಿ" ಎಂದರು.

ಗೊಳಸಂಗಿಗೆ ಕಳಿಸಿದರು. ಅಲ್ಲಿ ತಾಯಿ ಕೆಲಸ ಮುಟ್ಟಗೊಡಲಿಲ್ಲ, ಗುಳಿಗೆಯೂ ಅಷ್ಟರಲ್ಲಿ ಮುಗಿದಿತ್ತು. ಮಗಳು ಸ್ವಲ್ಪ ಚೇತರಿಸಿಕೊಂಡಳು. ಇದನ್ನು ಕೇಳಿ ರುಕ್ಮವ್ವನಿಗೆ ಮೊದಲು ಸಂತೋಷವಾಯಿತು. ಆಮೇಲೆ, ನನ್ನ ಕೈಯಲ್ಲಿ ಆಗದ್ದು ಅಲ್ಲಿ ಹೇಗಾಯಿತು ಎನ್ನಿಸಿತು. ಚಂದವ್ವ ತಾಂಬಾಕ್ಕೆ ಮರಳಿ ರೊಟ್ಟಿ, ನೂಲು, ನೀರು ಎಂದು ದುಡಿಯತೊಡಗಿದ ಮೇಲೆ ಎಡಗೈ ಮತ್ತೆ ಗದ್ದಕ್ಕೇರಿತು. ರುಕ್ಮವ್ವನ ಸಿಟ್ಟು ನೆತ್ತಿಗೇರಿತು.

"ತವರಿನಾಗ ಇಲ್ಲದ ರೋಗ ಈ ಹೊಸ್ತಿಲ ದಾಟಿದ ಕೂಡ್ಲೆ ಹೆಂಗ ಬರತೈತಿ? ನನ್ನ ಮನಿ ಅಂದ್ರ ನಿನಗ ಅಷ್ಟ ಬ್ಯಾಸರ ಆತೇನ?"

ಚಂದವ್ವ ಆಕೆಯನ್ನೇ ನೋಡಿದಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಆಮೇಲೆ ಆಕೆ ಯಾವ ನೋವನ್ನೂ ಹೇಳಲಿಲ್ಲ. ಅತ್ತೆಯ ಗೊರಕೆಯ ಮಾತು, ಉಪ್ಪಿನ ಮಾತು ಎಲ್ಲ ನಿಂತವು. ಸಾರು ಎಷ್ಟೇ ಉಪ್ಪಾಗಲಿ, ನೀರು ಕುಡಿದು ನುಂಗುತ್ತಿದ್ದಳು. ಮನೆಯಲ್ಲಿ ರಾಟಿಯ ಸದ್ದಷ್ಟೇ ಉಳಿಯಿತು. ಆ ಬಾಯಿ ಒಮ್ಮೆ ತೆರೆಯಲಿ, ಒಮ್ಮೆ ನನ್ನನ್ನು ಬೈಯಲಿ ಎಂದು ರುಕ್ಮವ್ವ ಕುಲದೇವರು ಬೀರಪ್ಪನಿಗೆ ಕಾಯಿ ಕಟ್ಟಿಸಿದಳು. ಹರಕೆ ಹೊತ್ತವಳೇ ಸಂಜೆಯಾದರೆ ಆ ಕೈಯನ್ನು ಹೊಡೆದು ಇಳಿಸುತ್ತಿದ್ದಳು.

ಎಪ್ಪತ್ತೇಳರ ಮಳೆಗಾಲದಲ್ಲಿ ಸಿದ್ದರಾಯ ಕುರಿಗಳೊಂದಿಗೆ ಮನೆಗೆ ಬಂದಿದ್ದ. ಒಂದು ಸಂಜೆ ಹೆಂಡತಿ ನೀರು ಕುಡಿಯುವಾಗ ಎದುರಿಗೇ ಕೂತಿದ್ದ. ಕುಡಿದ ನೀರು ಮೂಗಿನಿಂದ ಹೊರಬಂತು. ಚಂದವ್ವ ಉಸಿರು ಸಿಕ್ಕದೆ ಒದ್ದಾಡಿದಳು, ಕಣ್ಣು ತೇಲಿಸಿದಳು. ಸಿದ್ದರಾಯ ಆಕೆಯನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿ ತಟ್ಟಿ ಉಸಿರು ತಿರುಗಿಸಿದ. ಅವನು ಮಾತು ಕಮ್ಮಿಯವನು. ಕುರಿಗಳನ್ನು ನೋಡಿ ನೋಡಿ, ಯಾವ ಕುರಿಯೂ ಸುಳ್ಳೇ ಕುಂಟುವುದಿಲ್ಲ ಎಂದಷ್ಟೇ ತಿಳಿದವನು.

"ಯವ್ವಾ, ಇದು ಅಂಜಿಕಿ ಅಲ್ಲ. ನಾಳಿ ಸೊಲ್ಲಾಪುರಕ್ಕ ಹೋಗೂಣು" ಅಂದ.

"ನಾಡದ್ದ ಹೋದ್ರಾತು. ನಾಳಿ ಒಂದಿನ ತಲಿಗಿ ನೀರ ಹಾಕಿ ಮಲಗಸ್ತೇನಿ, ಹಿಂಗ ಹೆಂಗ ಕರ್ಕೊಂಡು ಹೋಗ್ತಿ?" ಎಂದಳು ರುಕ್ಮವ್ವ.

"ಹೆಂಗ ಅದಾಳ ಹಂಗ" ಅಂದ ಮಗ. ರುಕ್ಮವ್ವ ಬುತ್ತಿ ಕಟ್ಟಲು ಒಳಗೆ ಹೋದಳು.

ಮರುದಿನ ಮಳೆಗೆ ರಸ್ತೆ ಕೆಟ್ಟು ಬಸ್ಸು ತಡವಾಯಿತು. ಇಂಡಿಯ ಸ್ಟೇಷನ್ನಿನಲ್ಲಿ ರೈಲೂ ತಡ. ರೈಲಿನಲ್ಲಿ ನಿಲ್ಲಲು ಜಾಗವಿಲ್ಲ. ಚಂದವ್ವ ಕಂಬಿ ಹಿಡಿದು ನಿಂತೇ ಬಂದಳು. ಸೊಲ್ಲಾಪುರದಲ್ಲಿ ಕೇಳುತ್ತ ಕೇಳುತ್ತ ದವಾಖಾನೆ ಮುಟ್ಟಿದಾಗ ಹೊತ್ತು ಮುಳುಗಲು ಬಂದಿತ್ತು. ಚಂದವ್ವನ ಸೀರೆ ಮುದುಡಿತ್ತು, ತಲೆ ಕೆದರಿತ್ತು. ರುಕ್ಮವ್ವನಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಒಳಗಿದ್ದವರು ನಡುವಯಸ್ಸಿನ ಹೆಣ್ಣು ಡಾಕ್ಟರು, ಆ ಕಡೆಯ ಕನ್ನಡ ಬಲ್ಲವರು.

ರುಕ್ಮವ್ವ ಎಂದಿನಂತೆ ಶುರುಮಾಡಿದಳು. "ಕೂಸು ಹೋದಾಗಿಂದ ಹಿಂಗ ಚಿಂತಿ ಮಾಡ್ತಾಳ್ರಿ ಬಾಯಾರ..."

"ಆಕಿಗಿ ಬಾಯಿಲ್ಲೇನ್ರಿ? ಆಕೀನ ಹೇಳಲಿ" ಅಂದರು ಡಾಕ್ಟರು.

ಚಂದವ್ವ ಹೇಳತೊಡಗಿದಳು. ಮೂರು ವರ್ಷದ ಮಾತು. ಕಣ್ಣಿಗೆ ಒಂದು ದೀಪ ಎರಡಾಗಿ ಕಾಣುವುದು, ನೂಲು ಹಿಡಿದ ಕೈ ತಾನೇ ಇಳಿಯುವುದು, ಬೆಳಿಗ್ಗೆ ಎಲ್ಲ ಇದ್ದದ್ದು ಸಂಜೆಗೆ ಎಲ್ಲ ಹೋಗುವುದು. ಹೇಳುತ್ತ ಹೋದಂತೆ ದನಿ ಮೂಗಿಗೆ ಸೇರಿತು, ಮಾತು ತೊದಲಿತು, ಎವೆಗಳು ಇಳಿದವು. ಎಡಗೈ ಮೆಲ್ಲಗೆ ಎದ್ದು ಗದ್ದಕ್ಕೆ ಹೋಯಿತು.

ಡಾಕ್ಟರ ಎದುರು ಹೀಗೆ ಕೂಡುವುದೇ! ರುಕ್ಮವ್ವನ ಕೈ ತಾನಾಗಿ ಮುಂದೆ ಹೋಯಿತು. ಪಟ್ಟನೆ ಆ ಕೈ ಹೊಡೆದು ಇಳಿಸಿದಳು.

ಚಂದವ್ವನ ಬಾಯಿ ತೆರೆದುಕೊಂಡಿತು. ಕೆಳದವಡೆ ಕೀಲು ಕಳಚಿದ ಬಾಗಿಲಿನ ಹಾಗೆ ಜೋತು ಬಿತ್ತು. ಸೆರಗು ಎಳೆದುಕೊಂಡು ಮುಚ್ಚಿಕೊಳ್ಳಲು ನೋಡಿದಳು. ಡಾಕ್ಟರು ಆ ಕೈ ಹಿಡಿದರು. "ಮುಚಗೋಬ್ಯಾಡ ತಂಗಿ. ಬಾಯಿ ಮುಚ್ಚು ನೋಡೂಣು." ಚಂದವ್ವ ಮುಚ್ಚಲು ಹೆಣಗಿದಳು. ಆಗಲಿಲ್ಲ. ಜೊಲ್ಲು ಗದ್ದದ ಮೇಲೆ ಇಳಿಯಿತು. ಕಣ್ಣಿನಲ್ಲಿ ನೀರು ತುಂಬಿತ್ತು. ಡಾಕ್ಟರು ತಮ್ಮ ಕೈಯಿಂದಲೇ ಆ ದವಡೆಯನ್ನು ಎತ್ತಿ ಹಿಡಿದರು.

ರುಕ್ಮವ್ವ ಹೌಹಾರಿದಳು. ಮೂರು ವರ್ಷ ತಾನು ಹೊಡೆದು ಇಳಿಸಿದ ಕೈ ಏನು ಹೊತ್ತುಕೊಂಡಿತ್ತು ಎಂಬುದು ಆಗ ಕಂಡಿತು. ಸೆರಗು ಹಿಡಿದು ಗೋಡೆಯ ಕಡೆ ತಿರುಗುತ್ತಿದ್ದದ್ದು ಮುನಿಸಲ್ಲ, ಈ ಬಾಯಿ ಅತ್ತೆಗೆ ಕಾಣಬಾರದೆಂದು. ಅಯ್ಯೋ, ಎಂಥ ಕೆಲಸ ಮಾಡಿದೆ! ಹೊಡೆದ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಕಾಯಿರಿ ಎಂದರು. ಹೊರಗಿನ ಬೆಂಚಿನ ಮೇಲೆ ಮೂವರೂ ಕೂತರು. ಚಹಾ ಕುಡಿದು ಮುಗಿಸುವಷ್ಟು ಹೊತ್ತಾಗಿರಬೇಕು, ಚಂದವ್ವನ ಎವೆ ಮೆಲ್ಲಗೆ ಏಳತೊಡಗಿದವು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಬಾಯಿ ಮುಚ್ಚಿತು. ತುಟಿ ತಿರುವಿ ನೋಡಿಕೊಂಡಳು, ಕುತ್ತಿಗೆ ಎತ್ತಿದಳು. "ಹಸಿವ್ಯಾಗೈತಿ" ಎಂದಳು ಗಂಡನಿಗೆ. ದನಿ ಗಂಟೆಯಂತಿತ್ತು. ಸಿದ್ದರಾಯ ಬುತ್ತಿಯ ಗಂಟು ಬಿಚ್ಚಿ ಒಣಗಿಸಿದ ಕಟಕು ರೊಟ್ಟಿ ಮುರಿದು ಕೊಟ್ಟ. ಆಕೆ ಕಟಕಟ ಅಗಿದು ತಿಂದಳು. ದವಾಖಾನೆಯ ಮಂದಿಯೆಲ್ಲ ತಿರುಗಿ ನೋಡಿದರು. ಅತ್ತೆ ಸೊಸೆ ಇಬ್ಬರ ಕಣ್ಣಲ್ಲೂ ನೀರು, ಆದರೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಡಾಕ್ಟರು ಒಳಗೆ ಕರೆದು ಬಿಡಿಸಿ ಹೇಳಿದರು. ನರದ ಹುಕುಂ ಮೈಯ ಮಾಂಸಖಂಡಕ್ಕೆ ಸರಿಯಾಗಿ ಮುಟ್ಟದ ರೋಗ ಇದು. ದುಡಿದಷ್ಟೂ ಸೋಲು, ದಣಿವಾರಿದರೆ ಸ್ವಲ್ಪ ಗೆಲುವು. ಪೂರ್ತಿ ಹೋಗುವುದಿಲ್ಲ, ಗುಳಿಗೆ ತಪ್ಪದೆ ತೆಗೆದುಕೊಂಡರೆ ಹತೋಟಿಯಲ್ಲಿರುತ್ತದೆ. ಆ ನಿದ್ದೆಯ ಗುಳಿಗೆ ಈ ರೋಗಕ್ಕೆ ವಿಷವಿದ್ದ ಹಾಗೆ. "ಮೊದಲ ಯಾರಿಗೂ ತೋರಿಸಿದ್ದಿಲ್ಲೇನು?" ಎಂದು ಕೇಳಿದರು.

"ತೋರಿಸಿದ್ದೆವ್ರಿ. ಮುಂಜಾನಿ, ಮಲಗಿಸಿ ಎಬ್ಬಿಸಿ, ಸಿಂಗಾರ ಮಾಡಿ ಕರ್ಕೊಂಡು ಹೋಗಿದ್ದೆ" ಎಂದಳು ರುಕ್ಮವ್ವ. ಹೇಳುವಾಗಲೇ ಆಕೆಗೆ ತಿಳಿಯಿತು. ಡಾಕ್ಟರು ಅದನ್ನೆಲ್ಲ ಬರೆದುಕೊಂಡರು. ಬರೆಯುತ್ತಲೇ, "ಹೋದ ಕೂಸು ಮೊಲಿ ಕುಡೀತಿತ್ತೇನು?" ಎಂದರು.

"ಇಲ್ರಿ. ಹಿಡೀಲೇ ಇಲ್ಲ. ಅಳೂದೂ ಸಣ್ಣಗ. ಕೈಕಾಲ ಜೋತ ಬೀಳ್ತಿದ್ದೂರಿ."

ಬರೆಯುತ್ತಿದ್ದ ಡಾಕ್ಟರ ಕೈ ನಿಂತಿತು. ರುಕ್ಮವ್ವ ಬಿಡಲಿಲ್ಲ, "ಯಾಕ ಕೇಳಿದ್ರಿ ಬಾಯಾರ? ಖರೇ ಹೇಳ್ರಿ" ಎಂದು ಮೇಜಿನ ಅಂಚು ಹಿಡಿದುಕೊಂಡಳು. ಅವರು ತಡೆತಡೆದು ಹೇಳಿದರು: "ಈ ಬೇನಿ ಇದ್ದ ತಾಯಿಯ ರಕ್ತದಿಂದ ಒಮ್ಮೊಮ್ಮೆ ಕೂಸಿಗೂ ಹಂಗ ಆಗತೈತಿ. ಕೆಲವು ದಿನ ಇರತೈತಿ, ಆಮ್ಯಾಲ ತಾನ ಹೋಗತೈತಿ. ಔಷಧ ಕೊಟ್ಟು, ಹಾಲು ಹನಿಹನಿ ಕುಡಿಸಿ ಕಾಯ್ದ್ರ ಉಳಿಯೂ ಸಾಧ್ಯ ಇರತೈತಿ. ಯಾರಿಗಿ ಗೊತ್ತಿರತೈತಿ ಬಿಡ್ರಿ, ನಿಮ್ಮ ತಪ್ಪಲ್ಲ."

ತಾಯಿಗೇ ಬ್ಯಾಡಾದ ಕೂಸು. ತಾನು ಅಂದದ್ದು ರುಕ್ಮವ್ವನ ಕಿವಿಯಲ್ಲಿ ಮತ್ತೆ ಕೇಳಿತು. ಪಕ್ಕದಲ್ಲಿ ಚಂದವ್ವ ನೆಟ್ಟಗೆ ಕೂತಿದ್ದಳು, ಕಣ್ಣು ಅಗಲ ತೆರೆದಿದ್ದವು.

"ನನಗ ಬೇಕಾಗಿತ್ರಿ ಆ ಕೂಸು" ಎಂದಳು ಡಾಕ್ಟರಿಗೆ. ಕೂಸು ಹೋದ ಮೇಲೆ ಅದರ ಬಗ್ಗೆ ಆ ಬಾಯಿಂದ ಬಂದ ಮೊದಲ ಮಾತು ಅದು. ರುಕ್ಮವ್ವನಿಗೆ ಹೇಳಬೇಕಾದದ್ದನ್ನು ಆಕೆ ಬೇರೆಯವರಿಗೆ ಹೇಳಿದ್ದಳು.

ಗುಳಿಗೆ ಶುರುವಾಯಿತು. ಸಿದ್ದರಾಯ ಸೊಲ್ಲಾಪುರಕ್ಕೆ ಹೋಗಿ ತರುವನು, ಅವನಿಲ್ಲದಾಗ ಜೈತುನಬಿ ಬಳೆಯ ಮಾಲು ತರಲು ಹೋದವಳು ತಂದುಕೊಡುವಳು. ಊಟಕ್ಕೆ ಮುಂಚೆ ನುಂಗಬೇಕು, ಹೆಚ್ಚು ದಣಿಯಬಾರದು. ಸೋತ ದಿನಗಳೂ ಇದ್ದವು. ಆದರೆ ಚಂದವ್ವನ ಬಾಯಿ ಮರಳಿ ಬಂತು. ಸಂತೆಯಲ್ಲಿ ಸಾಹುಕಾರರು ಮತ್ತೆ ನಕ್ಕು ದರ ಕೊಟ್ಟರು. ಕಟ್ಟೆಯ ಮೇಲೆ ಜೈತುನಬಿಯ ಜೊತೆ ಕೂತರೆ ಓಣಿಯೆಲ್ಲ ಗಲಗಲ ಅನ್ನುವುದು. ಒಳಗೆ ರಾಟಿ ತಿರುಗಿಸುತ್ತ ರುಕ್ಮವ್ವ ಕಿವಿಯನ್ನೆಲ್ಲ ಅಲ್ಲಿಟ್ಟು ಕೂಡುವಳು.

ಅತ್ತೆಯ ಮುಂದೆ ಮಾತ್ರ ಚಂದವ್ವ ಬೇರೆಯವಳಾಗಿದ್ದಳು. ಸೇವೆಯಲ್ಲಿ ಏನೂ ಕಮ್ಮಿಯಿರಲಿಲ್ಲ. "ನೀರ ಕಾದಾವ್ರಿ ಅತ್ತ್ಯಾರ," "ಊಟಕ್ಕ ಏಳ್ರಿ" ಅನ್ನುವಳು. ಓಣಿಯ ಹೆಂಗಸರು, ಸೊಸೆಗೆ ಈಗ ಬುದ್ಧಿ ಬಂತು, ಎಷ್ಟು ಮರ್ಯಾದೆಯಿಂದ ಮಾತಾಡಿಸುತ್ತಾಳೆ ಎಂದು ಹೊಗಳಿದರು. ಆ ಮರ್ಯಾದೆ ರುಕ್ಮವ್ವನ ಕರುಳು ಹಿಂಡುತ್ತಿತ್ತು. ಬೈದರೆ ತಡೆದುಕೊಳ್ಳಬಹುದಿತ್ತು. ಬೈಗುಳಕ್ಕೇ ತಾನು ಹರಕೆ ಹೊತ್ತದ್ದು.

ಒಂದು ಸಲ ಧೈರ್ಯ ಮಾಡಿ ಬಾಯಿಬಿಟ್ಟಳು. "ತಂಗಿ, ಕೂಸಿನ ಸಲುವಾಗಿ ನಾ ಅವತ್ತ ಅಂದದ್ದು..." ಚಂದವ್ವ ನೂಲು ಸುತ್ತುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಆ ಮಾತ ಯಾಕ್ರಿ ಈಗ? ನಿಮಗರ ಏನ ಗೊತ್ತಿತ್ತು" ಎಂದಳು. ಸಿಟ್ಟೂ ಇಲ್ಲ, ಕೊಂಕೂ ಇಲ್ಲ. ಅಲ್ಲಿಗೆ ಮಾತು ಮುಗಿಯಿತು.

ರುಕ್ಮವ್ವ ಇನ್ನೊಂದು ದಾರಿ ಹಿಡಿದಳು. ಒಂದು ದಿನ ಬೇಕೆಂದೇ ಸಾರಿಗೆ ಹಿಡಿತುಂಬ ಉಪ್ಪು ಸುರಿದಳು. ಎದುರಿಗೆ ಕೂತು ಸೊಸೆಯ ಬಾಯಿಯನ್ನೇ ನೋಡಿದಳು. ಸಿದ್ದರಾಯ ಮೊದಲ ತುತ್ತಿಗೇ ಉಗುಳಿ, "ಯವ್ವಾ, ಇದೇನ ಸಾರೋ ಸಮುದ್ರೋ!" ಎಂದ. ಚಂದವ್ವ ತುತ್ತು ನುಂಗಿದಳು. "ಇರ್ಲಿ ಬಿಡ್ರಿ, ಬಿಸಿನೀರ ಬೆರಸಿದ್ರ ಸರಿ ಹೋಗತೈತಿ" ಎಂದು ಎದ್ದು ನೀರು ತಂದಳು. ರುಕ್ಮವ್ವ ಆ ಸಾರನ್ನು ಪೂರ್ತಿ ತಾನೇ ಉಂಡಳು.

ಎಪ್ಪತ್ತೊಂಬತ್ತರ ಮಾತು. ಸಿದ್ದರಾಯ ಹೊಳೆದಂಡೆಗೆ ಹೋಗಿದ್ದ. ಸಂಜೆ ರುಕ್ಮವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಅಟ್ಟದ ಮೇಲಿನ ತೊಟ್ಟಿಲು ನೆನಪಿಗೆ ಬಂದಿತ್ತು. ಇದ್ದಿದ್ದರೆ ಆ ಕೂಸಿಗೆ ಈಗ ಐದು ವರ್ಷ, ಈ ಕಟ್ಟೆಯ ಮೇಲೇ ಆಡುತ್ತಿತ್ತು, ತಾಯಿಯಂಥದ್ದೇ ಬಾಯಿ ಇರುತ್ತಿತ್ತೋ ಏನೋ. ಯಾವಾಗ ಕೈ ಗದ್ದಕ್ಕೆ ಹೋಯಿತೋ ಆಕೆಗೇ ಗೊತ್ತಾಗಲಿಲ್ಲ. ಉಣ್ಣೆಯ ಬುಟ್ಟಿ ಹೊತ್ತು ಹೊರಬಂದ ಚಂದವ್ವ ಬಾಗಿಲಲ್ಲೇ ನಿಂತಾಗ ಗೊತ್ತಾಯಿತು. ರುಕ್ಮವ್ವ ಕೈ ತೆಗೆಯಲಿಲ್ಲ. ಹೊಡೆಯಲಿ ಎಂದುಕೊಂಡಳು. ಬಂದು ಪಟ್ಟನೆ ಹೊಡೆದು, "ಯಾರ ಸತ್ತಾರಂತ ಕುಂತಿ ಅತ್ತಿ?" ಅನ್ನಲಿ. ಅಷ್ಟಾದರೆ ಸಾಕು, ಆಕೆಯ ಕಾಲು ಹಿಡಿದು ಎಲ್ಲ ಹೇಳಿಬಿಡುತ್ತೇನೆ.

ಚಂದವ್ವ ಬುಟ್ಟಿ ಇಳಿಸಿ ಓಡಿ ಬಂದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಕಣ್ಣೆವೆ ಎತ್ತಿ ನೋಡಿದಳು. ಗಾಬರಿಯಾಗಿದ್ದಳು.

"ಅತ್ತ್ಯಾರ, ದವಡಿ ಸೋಲಾಕತ್ತೈತೇನ್ರಿ? ಎಂದಿನಿಂದ ಹಿಂಗ? ಅಗಿಯಾಕ ತ್ರಾಸ ಐತೇನು? ಒಂದ ವಸ್ತು ಎರಡ ಕಾಣತಾವೇನು? ಮುಚ್ಚಿಡಬ್ಯಾಡ್ರಿ, ನಾಳಿ ಸೊಲ್ಲಾಪುರಕ್ಕ ಹೋಗೂಣು."

ಮೂರು ವರ್ಷ ತಾನು ಸೊಸೆಯನ್ನು ಒಂದು ಸಲವೂ ಕೇಳದ ಮಾತುಗಳು. ಒಂದಾದ ಮೇಲೊಂದು ಆ ಬಾಯಿಂದ ಬಂದವು. ಮೈಯಲ್ಲಿ ಏನೂ ಇಲ್ಲ ಮಗಳೇ, ಇದು ಬರೇ ಚಿಂತಿ ಎಂದು ಹೇಳಬೇಕಿತ್ತು ರುಕ್ಮವ್ವ. ಯಾವ ಬಾಯಿಂದ ಆ ಪದ ಈಕೆಗೆ ಹೇಳುವುದು? ಬರೇ ತಲೆಯಾಡಿಸಿದಳು. ಹೌದೆಂದು ಆಡಿಸಿದಳೋ ಇಲ್ಲವೆಂದೋ, ಚಂದವ್ವ ಹೌದೆಂದೇ ತಿಳಿದುಕೊಂಡಳು.

ಒಳಗೆ ಹೋಗಿ ರೊಟ್ಟಿಯನ್ನು ಚೂರು ಮಾಡಿ ಬಿಸಿಹಾಲಿನಲ್ಲಿ ನೆನೆಯಿಸಿ ಬಟ್ಟಲಲ್ಲಿ ತಂದು ಕೈಗೆ ಕೊಟ್ಟಳು. "ಮೆತ್ತಗಾಗೇತ್ರಿ. ಅಗಿಯೂದ ಬ್ಯಾಡ, ಹಂಗ ನುಂಗ್ರಿ" ಎಂದು ಪಕ್ಕದಲ್ಲೇ ಕೂತು, ಅತ್ತೆಯ ಗದ್ದದ ಕೆಳಗೆ ತನ್ನ ಕೈ ಹಿಡಿದಳು.

ರುಕ್ಮವ್ವನ ಹಲ್ಲು ಒಂದೂ ಬಿದ್ದಿರಲಿಲ್ಲ, ದವಡೆ ಕಬ್ಬು ಸಿಗಿಯುವಷ್ಟು ಗಟ್ಟಿಯಿತ್ತು. ಆಕೆ ಆ ಹಾಲುರೊಟ್ಟಿಯನ್ನು ಅಗಿಯದೆ, ಒಂದೊಂದೇ ತುತ್ತು ನುಂಗುತ್ತ, ಬಟ್ಟಲು ಖಾಲಿಯಾಗುವವರೆಗೆ ಉಂಡಳು.